ಹೊಳೆ ಪಾಲಾದ ಚಕ್ಕೆಗಳು

ಮರಕುಟಿಗವೊಂದು ಬೂರುಗದ ಮರದಲ್ಲಿ ತಿಂಗಳುಗಟ್ಟಲೆ ಕೆತ್ತಿ ಒಂದು ಪೊಟರೆ ಮಾಡಿತು. ಬಾಗಿಲ ಸುತ್ತ ಬಳ್ಳಿ, ಒಳಗೋಡೆಗೆ ಎಲೆಗಳ ಸಾಲು. ಕೆಳಗೆ ಚಕ್ಕೆ ಬಿದ್ದಿದ್ದರೆ ಹಾವಿಗೆ ಗೂಡಿನ ಗುಟ್ಟು ತಿಳಿಯುತ್ತದೆಂದು, ಒಂದೊಂದು ಚಕ್ಕೆಯನ್ನೂ ಕೊಕ್ಕಿನಲ್ಲಿ ಕಚ್ಚಿಕೊಂಡು ಹೋಗಿ ದೂರದ ಹೊಳೆಗೆ ಎಸೆದು ಬರುವುದು ಅದರ ಕುಲದ ಪದ್ಧತಿ.

ಕಾಡಿನಲ್ಲಿ ಕಲಾಪ್ರದರ್ಶನ ಏರ್ಪಡಿಸುತ್ತಿದ್ದ ಗಿಳಿ ಬಂದು ನೋಡಿತು.

"ಇದು ಗೂಡಲ್ಲ, ಶಿಲ್ಪ. ಹದಿನೈದು ದಿನ ಪ್ರದರ್ಶನಕ್ಕಿಡೋಣ. ಅಲ್ಲಿಯವರೆಗೆ ನೀವು ಒಳಗೆ ಕಾಲಿಡಬಾರದು. ಕಲಾವಿದರೇ ಒಳಗೆ ಸಂಸಾರ ಹೂಡಿದರೆ ನೋಡುವವರು ಇದನ್ನು ಬರೀ ಮನೆ ಎಂದುಕೊಂಡಾರು."

"ನನ್ನವಳು ಮೊಟ್ಟೆಯಿಡುವ ಹೊತ್ತು, ಗಿಳಿಯಮ್ಮ."

"ಕಲೆಗಾಗಿ ಇಷ್ಟೂ ಮಾಡದಿದ್ದರೆ ಹೇಗೆ?"

ತನ್ನ ಕೆಲಸವನ್ನು ಯಾರಾದರೂ ಶಿಲ್ಪವೆಂದದ್ದು ಅದೇ ಮೊದಲು. ಮರಕುಟಿಗ ಉಬ್ಬಿಹೋಗಿ ಒಪ್ಪಿತು. ಹಕ್ಕಿಗಳು ಹಿಂಡುಹಿಂಡಾಗಿ ಬಂದವು. ಗಿಳಿ ಒಂದೊಂದು ಎಲೆಯ ಅರ್ಥವನ್ನೂ ವಿವರಿಸಿತು. ಮರಕುಟಿಗ ಸಂಕೋಚದಿಂದ ದೂರದ ಕೊಂಬೆಯಲ್ಲಿ ಕೂತಿತ್ತು.

ಹದಿನಾರನೆಯ ದಿನ ಹೋಗಿ ನೋಡಿದರೆ, ಗಿಳಿ ಪೊಟರೆಯೊಳಗೆ ಮೊಟ್ಟೆಯಿಟ್ಟು ಕಾವು ಕೂತಿದೆ!

"ಪ್ರದರ್ಶನ ಮುಗಿಯಿತಲ್ಲ, ಈಗ ಇದು ಬರೀ ಪೊಟರೆ" ಎಂದಿತು ಗಿಳಿ.

"ಕೆತ್ತಿದ್ದು ನಾನು!" ಎಂದು ಮರಕುಟಿಗ ಹಕ್ಕಿಗಳನ್ನೆಲ್ಲ ಕೂಗಿ ಕರೆಯಿತು.

"ಇದರ ಬಗ್ಗೆ ಇಷ್ಟು ದಿನ ಮಾತಾಡಿದ್ದು ಗಿಳಿ. ನೀನು ತುಟಿಪಿಟಕ್ಕೆನ್ನಲಿಲ್ಲ. ಕೆತ್ತಿದ್ದು ನೀನೇ ಆದರೆ ಚಕ್ಕೆ ಎಲ್ಲಿ?" ಎಂದವು ಹಕ್ಕಿಗಳು.

ಮರಕುಟಿಗ ಪಕ್ಕದ ಮರದಲ್ಲಿ ಮತ್ತೆ ಕೆತ್ತಲು ಕೂತಿತು. ಈ ಸಲ ಒಂದು ಚಕ್ಕೆಯನ್ನೂ ಹೊಳೆಗೆ ಒಯ್ಯಲಿಲ್ಲ. ಎಲ್ಲರೂ ನೋಡಲಿ ಎಂದು ಬುಡದಲ್ಲೇ ರಾಶಿ ಬೀಳಿಸಿತು.

ಮೊದಲು ನೋಡಿದ್ದು ಹಾವು.