ಗಂಟೆಯಂಗಡಿಯ ಹಲಗೆ

ಗೋಮಾಳದಂಚಿನ ಬಂಡೆಯ ಮೇಲೆ ಮುಸುವ ಕೋತಿಯೊಂದು ಕೊರಳಗಂಟೆಗಳ ಅಂಗಡಿ ತೆರೆದಿತ್ತು. ಮುಂಗಾಲು ಊನವಾಗಿದ್ದ ಬೆಳ್ಳಿಯೆಂಬ ಮೇಕೆ ಐದು ಮೆಟ್ಟಿಲುಗಳ ಕೆಳಗೆ ನಿಂತು, “ಮುಸುವಣ್ಣಾ, ಮೇಲೆ ಬರಲು ದಾರಿ ಮಾಡಿಕೊಡು,” ಎಂದಿತು.

“ಹಿಂದೆ ಮೂರು ಕಾಲಿನ ಮೇಕೆಯೊಂದು ಈ ಬಂಡೆಯನ್ನು ಒಂದೇ ನೆಗೆತಕ್ಕೆ ಏರಿತ್ತಂತೆ. ನಿನಗೇನು ಧಾಡಿ?”

“ಏರಿದ್ದನ್ನು ಕಂಡವರು ಯಾರು?”

ಮುಸುವ ತಲೆ ಕೆರೆದುಕೊಂಡಿತು. “ಹೋಗಲಿ, ಒಂದು ಗಂಟೆ ಎಸೆಯುತ್ತೇನೆ. ಪುಕ್ಕಟೆಯಾಗಿ ಕಟ್ಟಿಕೋ.”

ಬೆಳ್ಳಿಯ ಕೊರಳು ಸೆಟೆಯಿತು. ಎಲ್ಲರಂತೆ ಬಾರಿಸಿ, ಕೇಳಿ, ತನಗೊಪ್ಪುವ ದನಿಯನ್ನು ತಾನೇ ಆರಿಸಬೇಕೆಂದು ಅದು ಬಂದಿತ್ತು. “ದಾನ ಬೇಡ. ಅಂಗಡಿ ತೆರೆದವನು ಬರುವವರೆಲ್ಲರಿಗೂ ದಾರಿ ತೆರೆಯಬೇಕೆಂಬುದು ಗೋಮಾಳದ ಕಾನೂನು. ಅದಕ್ಕೆ ಒಪ್ಪಿಯೇ ನೀನು ಅಂಗಡಿ ಇಟ್ಟದ್ದು.”

ಮುಸುವ ಗೊಣಗುತ್ತ ಅಗಲವಾದ ಹಲಗೆಯೊಂದನ್ನು ಮೆಟ್ಟಿಲುಗಳ ಮೇಲೆ ಇಳಿಜಾರಾಗಿ ಹಾಸಿತು. ಬೆಳ್ಳಿ ಮೆಲ್ಲನೆ ಏರಿ, ಹನ್ನೊಂದು ಗಂಟೆಗಳನ್ನು ಬಾರಿಸಿ ಬದಿಗಿಟ್ಟು, ಹನ್ನೆರಡನೆಯದನ್ನು ಕೊಂಡು ಕೊರಳಿಗೆ ಕಟ್ಟಿಕೊಂಡಿತು.

ಅದು ಇಳಿದೊಡನೆ ಮುಸುವ ಹಲಗೆಗೆ ಕೈ ಹಾಕಿತು.

“ಅದು ಅಲ್ಲೇ ಇರಲಿ,” ಎಂದಿತು ಬೆಳ್ಳಿ. “ಕಾನೂನು ನನ್ನೊಬ್ಬಳಿಗಾಗಿ ಹುಟ್ಟಿದ್ದಲ್ಲ.”

ತಲೆಯೆತ್ತಿ ಗಂಟೆ ಮೊಳಗಿಸುತ್ತ ಅದು ಹೊರಟಾಗ, ಇಷ್ಟು ದಿನ ದೂರದಿಂದಲೇ ಅಂಗಡಿಯನ್ನು ನೋಡುತ್ತಿದ್ದ, ಮಂಡಿನೋವಿನ ಮುದಿ ಹಸು ಹಲಗೆಯ ಮೇಲೆ ಮೊದಲ ಹೆಜ್ಜೆಯಿಟ್ಟಿತು.