ಹೊನ್ನವ್ವನ ಪರೀಕ್ಷೆಗೆ ಒಂದು ಜಗಳ

ಈ ಕತೆ ಹೇಳಲು ನನಗಿಂತ ಯೋಗ್ಯರು ಈ ಸೀಮೆಯಲ್ಲಿ ಇಲ್ಲ. ಇದು ನಡೆದಾಗ ಕಣ್ಣು ಬಿಟ್ಟುಕೊಂಡು ಸುತ್ತ ನೋಡುತ್ತಿದ್ದವನು ನಾನೊಬ್ಬನೇ. ಉಳಿದವರು ಪಾಠ ಕೇಳುತ್ತಿದ್ದರು.

ಹೊಳೆಯ ದಂಡೆಯಲ್ಲಿ ಕಲ್ಲಯ್ಯ ಗುರುಗಳ ಆಶ್ರಮ. ಅಲ್ಲಿ ವೈದ್ಯ ಕಲಿಸುತ್ತಿದ್ದರು. ಗುರುಗಳು ನಾಡಿ ಹಿಡಿದರೆ ನೀವು ಬೆಳಿಗ್ಗೆ ಉಂಡದ್ದನ್ನು ಹೇಳುತ್ತಿದ್ದರು. ಇನ್ನೂ ಸ್ವಲ್ಪ ಒತ್ತಿ ಹಿಡಿದರೆ ನಿಮ್ಮ ಬೀಗರು ಉಂಡದ್ದನ್ನೂ ಹೇಳುತ್ತಿದ್ದರು. ನಂಬದಿದ್ದರೆ ನನ್ನ ಬೀಗರನ್ನು ಕೇಳಿ.

ನಾನು ಆ ಆಶ್ರಮದ ಅತ್ಯಂತ ಹಿರಿಯ ಶಿಷ್ಯ. ಒಂದೇ ಪಾಠವನ್ನು ನನ್ನಷ್ಟು ವರ್ಷ ಓದಿದವರು ಇನ್ನೊಬ್ಬರಿರಲಿಲ್ಲ.

ಅಲ್ಲಿ ಸಾಲಿನ ಪದ್ಧತಿ ಇತ್ತು. ಪದ್ಯ ಒಪ್ಪಿಸಿದವರು ಒಂದು ಸಾಲು ಮುಂದಕ್ಕೆ, ತಪ್ಪಿದವರು ಒಂದು ಸಾಲು ಹಿಂದಕ್ಕೆ. ಮುಂದಿನ ಸಾಲು ಗುರುಗಳ ಮೊಣಕಾಲಿಗೆ ತಾಗುತ್ತಿತ್ತು. ಕೊನೆಯ ಸಾಲು ದನದ ಕೊಟ್ಟಿಗೆಯೊಳಗೆ ಬರುತ್ತಿತ್ತು. ಆ ಸಾಲಿನಲ್ಲಿ ಕಾಯಂ ಇದ್ದವರು ನಾನು, ಒಂದು ಕಪ್ಪು ಆಕಳು, ಮತ್ತು ಹೊನ್ನವ್ವ.

ಯುಗಾದಿಯ ಮರುದಿನ ಪರೀಕ್ಷೆ. ಜ್ವರದ ಪದ್ಯಗಳನ್ನೆಲ್ಲ ಒಪ್ಪಿಸಿದವರಿಗೆ ರೋಗಿಯ ನಾಡಿ ಮುಟ್ಟುವ ಹಕ್ಕು ಸಿಗುತ್ತಿತ್ತು, ಆಶ್ರಮದಲ್ಲೇ ವಾಸ ಸಿಗುತ್ತಿತ್ತು. ಎರಡು ಸಲ ತಪ್ಪಿದವರು ಗಂಟುಮೂಟೆ ಕಟ್ಟಿ ಮನೆಗೆ. ಹೊನ್ನವ್ವ ಹಿಂದಿನ ವರ್ಷ ತಪ್ಪಿದ್ದಳು. ಈ ಸಲ ತಪ್ಪಿದರೆ ಮುಗಿಯಿತು.

ನನ್ನನ್ನು ಯಾಕೆ ಮನೆಗೆ ಕಳಿಸಿರಲಿಲ್ಲ ಎಂದು ಕೇಳುತ್ತೀರಿ. ಆ ಆಕಳು ನನ್ನ ಕೈಗಲ್ಲದೆ ಬೇರೆಯವರಿಗೆ ಹಾಲು ಕೊಡುತ್ತಿರಲಿಲ್ಲ.

ಹೊನ್ನವ್ವನ ಮನೆ ಹೊಳೆಯ ಆಚೆ ದಂಡೆಗೆ. ಮನೆ ಎನ್ನುವುದಕ್ಕಿಂತ ಅದು ಒಂದು ಜಗಳ. ಮೇಲೆ ಹೆಂಚು ಹೊದಿಸಿದ್ದರು ಅಷ್ಟೇ. ಒಳಗೆ ಅವಳ ಅಪ್ಪ ಮತ್ತು ಅಪ್ಪನ ತಾಯಿ. ಅಪ್ಪ ಹಗಲು ಎಂದರೆ ಅಜ್ಜಿ ದೀಪ ಹಚ್ಚುವವಳು. ಅಜ್ಜಿ ಉಪ್ಪು ಹೆಚ್ಚಾಯಿತೆಂದರೆ ಅಪ್ಪ ಇನ್ನಷ್ಟು ಉಪ್ಪು ಬಡಿಸಿಕೊಳ್ಳುವವನು. ಅವರ ದನಿಗೆ ಹೆದರಿ ಮೀನುಗಳು ಈಚೆ ದಂಡೆಗೇ ಬಂದು ವಾಸವಾಗಿದ್ದವು. ನಡುವೆ ನೀರು ತರುವುದು, ರೊಟ್ಟಿ ಬಡಿಯುವುದು, ಇಬ್ಬರ ತಾಟನ್ನೂ ಬೇರೆ ಬೇರೆ ಮೂಲೆಯಲ್ಲಿ ಇಡುವುದು ಎಲ್ಲ ಹೊನ್ನವ್ವನ ಪಾಲಿಗೆ. ಅವಳ ತಾಯಿ ತೀರಿಕೊಂಡು ಬಹಳ ಕಾಲವಾಗಿತ್ತು.

ಬಂದ ಮೊದಲ ದಿನ ಗುರುಗಳು ಎಲ್ಲರನ್ನೂ ಕೇಳುವಂತೆ ಅವಳನ್ನೂ ಕೇಳಿದ್ದರು, ವೈದ್ಯ ಯಾಕೆ ಕಲಿಯಬೇಕು ಎಂದು. ಮುಂದಿನ ಸಾಲಿನ ಶಂಭುಲಿಂಗ ಇದೇ ಪ್ರಶ್ನೆಗೆ ಲೋಕದ ಕಲ್ಯಾಣಕ್ಕಾಗಿ ಎಂದಿದ್ದ. ನಾನು ಊಟ ಚೆನ್ನಾಗಿರುತ್ತದೆ ಎಂದಿದ್ದೆ.

ಹೊನ್ನವ್ವ ಹೇಳಿದ್ದು ಹೀಗೆ: "ಅವ್ವಗ ಜ್ವರ ಬಂದಿತ್ರಿ. ಯಾವ ವೈದ್ಯನ್ನ ಕರೀಬೇಕು ಅಂತ ಅಪ್ಪ, ಅಜ್ಜಿ ಜಗಳಾಡಾಕ ಹತ್ತಿದ್ರು. ಜಗಳ ಮುಗಿಯೂದರೊಳಗ ಅವ್ವ ಮುಗದ್ಲು."

ಗುರುಗಳು ಅವಳಿಗೆ ಕೂರಲು ಜಾಗ ತೋರಿಸಿದ್ದರು. ಕೊಟ್ಟಿಗೆಯಲ್ಲಿ.

ಪರೀಕ್ಷೆ ಹತ್ತಿರ ಬಂತು. ಹೊನ್ನವ್ವನಿಗೆ ಪದ್ಯ ಹತ್ತಿರ ಬರಲಿಲ್ಲ. ಒಂದು ದಿನ ಗುರುಗಳ ಮುಂದೆ ಹೋಗಿ ಕೈಕಟ್ಟಿ ನಿಂತಳು.

"ಗುರುಗಳ, ಮನ್ಯಾಗ ಓದಾಕ ಆಗವಲ್ದ್ರಿ. ಪದ್ಯ ಬಾಯಿಗೆ ಬರೂದ್ರಾಗ ಬೈಗುಳ ಕಿವಿಗೆ ಬಂದಿರತಾವ. ಇಲ್ಲೇ ಇರತೀನ್ರಿ."

"ಇಲ್ಲಿರಬೇಕಂದ್ರ ಪದ್ಯ ಒಪ್ಪಿಸಬೇಕವಾ."

"ಪದ್ಯ ಒಪ್ಪಿಸಬೇಕಂದ್ರ ಇಲ್ಲಿರಬೇಕ್ರಿ."

ಗುರುಗಳಿಗೆ ನಗು ಬಂತು. "ಚಲೋ ಗಂಟು ತಂದಿ. ಮನಿಗೆ ಒಯ್ದು ಬಿಚ್ಚು" ಎಂದರು.

ಹೊಸದಾಗಿ ವೈದ್ಯ ಕಲಿಯುವವರಿಗೆ ಒಂದು ರೋಗ ಬರುತ್ತದೆ. ಇವತ್ತು ಯಾವ ಮದ್ದು ಕಲಿತರೋ ನಾಳೆ ಅದಕ್ಕೆ ತಕ್ಕ ರೋಗಿಗಳೇ ಕಾಣುತ್ತಾರೆ. ಶುಂಠಿಯ ಪಾಠವಾದ ದಿನ ನಮಗೆ ಲೋಕವೆಲ್ಲ ಕೆಮ್ಮುತ್ತಿರುವಂತೆ ಕೇಳುತ್ತಿತ್ತು. ನಾನಂತೂ ಒಮ್ಮೆ ಹೊಟ್ಟೆನೋವಿನ ಮದ್ದು ಕಲಿತು ದಾರಿಯಲ್ಲಿ ಹೋಗುತ್ತಿದ್ದ ಕತ್ತೆಗೂ ಕುಡಿಸಿದ್ದೇನೆ. ಕತ್ತೆ ಇಂದಿಗೂ ನನ್ನನ್ನು ಕಂಡರೆ ದಾರಿ ಬಿಡುತ್ತದೆ, ಗೌರವದಿಂದ.

ಆ ವಾರ ನಡೆದದ್ದು ನಿದ್ದೆಯ ಪಾಠ.

ಹೊನ್ನವ್ವ ಆ ಸಂಜೆ ಮನೆಗೆ ಹೋಗುತ್ತ ಹೊಳೆ ದಾಟುವಷ್ಟರಲ್ಲಿ ಗಂಟು ಬಿಚ್ಚಿಬಿಟ್ಟಿದ್ದಳು. ಮರುದಿನ ಶಿವರಾತ್ರಿ ಅಮಾವಾಸ್ಯೆ, ಪಾಠಕ್ಕೆ ರಜೆ. ಬೆಳಿಗ್ಗೆಯೇ ಕೂತು ಗಸಗಸೆ ಅರೆದಳು. ಗಟ್ಟಿ ಪಾಯಸ ಮಾಡಿದಳು. ಆಶ್ರಮದಲ್ಲಿ ಕಲಿತ ಒಂದು ಬೇರನ್ನೂ ತೇದು ಹಾಕಿದಳು. ಅಪ್ಪನಿಗೆ ಒಂದು ಬಟ್ಟಲು, ಅಜ್ಜಿಗೆ ಒಂದು ಬಟ್ಟಲು. ಪಾಯಸ ಚೆನ್ನಾಗಿದೆ ಎಂದು ಅಪ್ಪ ಹೇಳಿದ. ಚೆನ್ನಾಗಿಲ್ಲ ಎಂದು ತೋರಿಸಲು ಅಜ್ಜಿ ಇನ್ನೊಂದು ಬಟ್ಟಲು ಕುಡಿದಳು.

ಆಮೇಲೆ ಆ ಮನೆ ಮಲಗಿತು. ಸಾಮಾನ್ಯ ನಿದ್ದೆಯಲ್ಲ ಅದು. ಬಟ್ಟಲಿನ ಅಂಚು ನೆಕ್ಕಿದ ಬೆಕ್ಕು ಇಲಿಯ ಮೇಲೆ ತಲೆಯಿಟ್ಟು ಮಲಗಿತು. ನೊಣಗಳು ಗೋಡೆಗೆ ಒರಗಿ ತೂಕಡಿಸಿದವು. ಆ ದಿನ ಆಚೆ ದಂಡೆಯಲ್ಲಿ ಮೀನು ಕಂಡಿತಂತೆ.

ಮರುದಿನ ಹೊನ್ನವ್ವ ಪಾಠಕ್ಕೆ ಬಂದಳು. ಗುರುಗಳು ಪದ್ಯ ಕೇಳಿದರು. ಅವಳಿಗೆ ಒಂದು ಸಾಲೂ ಬರಲಿಲ್ಲ. ಅವಳಿಗಿಂತ ಹಿಂದೆ ಸಾಲು ಇದ್ದಿದ್ದರೆ ಅಲ್ಲಿಗೆ ಕಳಿಸುತ್ತಿದ್ದರು. ಆದರೆ ಅವಳಿಗಿಂತ ಹಿಂದೆ ಇದ್ದದ್ದು ಗೋಡೆ.

"ಗದ್ದಲ ಜೋರಿತ್ತೇನು?" ಎಂದರು ಗುರುಗಳು.

ಇಲ್ಲವೆಂದಳು. ಗದ್ದಲವೇ ಇರಲಿಲ್ಲವೆಂದಳು. ಯಾಕಿರಲಿಲ್ಲ ಎಂದು ಕೇಳಿದ್ದಕ್ಕೆ ಪಾಯಸದ ಸಂಗತಿಯನ್ನು ಒಂದೂ ಬಿಡದೆ ಹೇಳಿದಳು. ಮುಂದಿನ ಸಾಲಿನವರು ಉಸಿರು ಹಿಡಿದರು. ಗುರುಗಳು ನಗಲಿಲ್ಲ. ನಾನು ಆಕಳ ಬೆನ್ನಿನ ಹಿಂದೆ ಸ್ವಲ್ಪ ನಕ್ಕೆ, ಆಮೇಲೆ ಗುರುಗಳ ಮುಖ ನೋಡಿ ನಿಲ್ಲಿಸಿದೆ.

"ಅವರನ್ನ ಕೇಳಿ ಕೊಟ್ಟೀಯೇನು?"

"ಇಲ್ರಿ."

"ತ್ರಾಸು ಯಾರಿಗಿತ್ತು? ಅವರಿಗೋ, ನಿನಗೋ?"

"ನನಗ್ರಿ."

"ಹಂಗಾದ್ರ ಪಾಯಸ ನೀ ಕುಡೀಬೇಕಿತ್ತು."

ಹೊನ್ನವ್ವ ತಲೆ ತಗ್ಗಿಸಿದಳು. ಗುರುಗಳು ಮೆಲ್ಲಗೆ ಕೇಳಿದರು, ಅಷ್ಟೊಂದು ಶಾಂತಿ ಸಿಕ್ಕಿತಲ್ಲ, ಆದರೂ ಯಾಕೆ ಓದಲಿಲ್ಲ ಎಂದು.

"ಓದಾಕ ಕುಂತಿದ್ದೆನ್ರಿ. ಆದ್ರ ಮನಿ ಅಷ್ಟು ಸುಮ್ಮನಾದದ್ದು ಅವ್ವ ಸತ್ತ ದಿನ ಅಷ್ಟ. ಅಂಜಿಕಿ ಬಂತ್ರಿ. ಹತ್ತಿ ಎಳಿ ತಗೊಂಡು ಇಬ್ಬರ ಮೂಗಿನ ಕೆಳಗ ಹಿಡಕೊಂಡು ಕುಂತೆ. ಎಳಿ ಅಳ್ಳಾಡತೈತೋ ಇಲ್ಲೋ ಅಂತ ನೋಡೂದ್ರಾಗ ಹೊತ್ತು ಮುಳುಗಿತ್ರಿ."

ಶಂಭುಲಿಂಗ ಎದ್ದು, ಕೇಳದೆ ಮದ್ದು ಕೊಟ್ಟವರನ್ನು ಆಶ್ರಮದಲ್ಲಿ ಇಟ್ಟುಕೊಳ್ಳಬಾರದು ಎಂಬ ನಿಯಮವನ್ನು ನೆನಪಿಸಿದ. ಅದೂ ಪದ್ಯದಲ್ಲೇ ಇತ್ತು. ಗುರುಗಳು ಒಪ್ಪಿದರು. ಆಮೇಲೆ ಅದರ ಮುಂದಿನ ಪದ್ಯ ಹೇಳಿದರು, ಅದು ನನಗೂ ಗೊತ್ತಿತ್ತು: ತಪ್ಪನ್ನು ರೋಗಿಯ ಮುಂದೆ ತಾನೇ ಹೇಳಿದವರಿಗೆ ಇನ್ನೊಂದು ಅವಕಾಶ ಉಂಟು.

"ಇವತ್ತ ಹೋಗಿ ಇಬ್ಬರಿಗೂ ಹೇಳು" ಎಂದರು ಗುರುಗಳು. "ಇನ್ನೊಂದು ಮಾತು. ನೀ ಅವರ ಬಾಯಿ ಮುಚ್ಚಸಾಕ ನೋಡಿದಿ. ಈಗ ಆ ಬಾಯಿಗೊಳಿಗೆ ಕೆಲಸ ಕೊಡು."

ಹೊನ್ನವ್ವ ಹೋಗಿ ಹೇಳಿದಳು. ಅಪ್ಪ ಕೆಂಡವಾದ. ಅದಕ್ಕೇ ಇರಬೇಕು, ಅಜ್ಜಿ ತಣ್ಣಗಾದಳು. ಇಷ್ಟು ವರ್ಷದಲ್ಲಿ ಅಂಥ ನಿದ್ದೆ ಬಂದಿರಲಿಲ್ಲ, ಮೊಮ್ಮಗಳ ಕೈಗುಣ ದೊಡ್ಡದು ಎಂದಳು. ಆ ಜಗಳ ನನಗೆ ಈಚೆ ದಂಡೆಯಲ್ಲಿ ಕೂತೇ ಪೂರ್ತಿ ಕೇಳಿಸಿತು. ಅವರ ದನಿ ಅಂಥದ್ದು, ನನ್ನ ಕಿವಿ ಇನ್ನೂ ಅಂಥದ್ದು.

ಬಾಯಿಗೆ ಕೆಲಸ ಕೊಡು ಎಂದರೆ ಏನೆಂದು ಅವಳಿಗೆ ತಿಳಿಯಲಿಲ್ಲ. ಹಿರಿಯ ಶಿಷ್ಯನಾದ ನನ್ನನ್ನು ಕೇಳಿದಳು. ಕಬ್ಬು ಕೊಡು, ಜಗಿಯುತ್ತಾ ಕೂರಲಿ ಎಂದೆ. ಗುರುಗಳ ಮಾತಿನ ಅರ್ಥ ಅದಾಗಿರಲಿಲ್ಲ ಎಂದು ಆಮೇಲೆ ತಿಳಿಯಿತು. ಉಪಾಯವೇನೋ ಚೆನ್ನಾಗಿಯೇ ಇತ್ತು.

ಒಂದು ದಿನ ರೊಟ್ಟಿ ಬಡಿಯುತ್ತ ಅವಳು ಜ್ವರದ ಪದ್ಯವನ್ನು ಜೋರಾಗಿ ಹೇಳಿಕೊಳ್ಳುತ್ತಿದ್ದಳು. ಜಗಳದ ಮೇಲೆ ಕೇಳಬೇಕಲ್ಲ, ಅಷ್ಟು ಜೋರಾಗಿ. ಜ್ವರ ಬಂದ ಮೊದಲಿಗೆ ಹೊಟ್ಟೆಗೆ ವಿಶ್ರಾಂತಿ ಕೊಡಬೇಕು, ಉಪವಾಸವಿರಬೇಕು ಎನ್ನುವ ಪದ್ಯ ಅದು.

ಅಜ್ಜಿ ತಟ್ಟನೆ ಮಗನನ್ನು ಬೈಯುವುದು ನಿಲ್ಲಿಸಿ ಪದ್ಯವನ್ನು ಬೈಯಲು ಸುರು ಮಾಡಿದಳು. ಜ್ವರ ಬಂದವರನ್ನು ಉಪವಾಸ ಕೆಡವುತ್ತಾರೇನು, ಯಾವ ಮೂರ್ಖ ಕಟ್ಟಿದ ಪದ್ಯ ಅದು ಎಂದಳು.

ಅಪ್ಪನಿಗೆ ಆ ಪದ್ಯ ಅದೇ ಮೊದಲ ಸಲ ಕಿವಿಗೆ ಬಿದ್ದದ್ದು. ಆದರೂ ಅಜ್ಜಿ ಬೇಡವೆಂದಳಲ್ಲ, ಅಷ್ಟು ಸಾಕಾಯಿತು. ಪದ್ಯವೇ ಸರಿ, ಅದರಲ್ಲಿ ಒಂದಕ್ಷರ ತಪ್ಪಿಲ್ಲ ಎಂದು ಎದ್ದು ನಿಂತ.

ಅವತ್ತಿನಿಂದ ಆ ಮನೆಯಲ್ಲಿ ಬೇರೆ ಜಗಳ ನಡೆಯಲಿಲ್ಲ. ಉಪವಾಸ ಮೊದಲೋ ಕಷಾಯ ಮೊದಲೋ, ಚಳಿ ಹಿಡಿದ ಜ್ವರ ವಾತದ್ದೋ ಕಫದ್ದೋ, ಗಂಜಿಗೆ ಮೆಣಸು ಹಾಕಬೇಕೋ ಬಾರದೋ, ಇದೇ. ಇಬ್ಬರೂ ಸಾಕ್ಷಿಗೆ ಕರೆಯುವುದು ಹೊನ್ನವ್ವನನ್ನು. "ಹೇಳ ಹೊನ್ನಿ, ಏನೈತಿ ಪದ್ಯದಾಗ?" ತಪ್ಪು ಹೇಳಿದರೆ ಗೆದ್ದವರೂ ಬೈಯುವರು, ಸೋತವರೂ ಬೈಯುವರು. ಹಾಗಾಗಿ ಅವಳು ತಪ್ಪು ಹೇಳುವುದನ್ನು ಬಿಟ್ಟಳು.

ಒಂದು ಸಂಜೆ, ಇಳಿಯದ ಜ್ವರದ ಪದ್ಯ ಬಂತು. ಕಣ್ಣು ಹೀಗಾದರೆ, ನಾಲಿಗೆ ಹೀಗಾದರೆ ತಡಮಾಡಬಾರದು ಎನ್ನುವ ಪದ್ಯ. ಅಪ್ಪ ಏನೋ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಅಜ್ಜಿಯೂ ಮಾತಾಡಲಿಲ್ಲ. ಆ ಮನೆಯಲ್ಲಿ ಪಾಯಸವಿಲ್ಲದೆ ಬಂದ ಮೌನ ಅದು. ಹೊನ್ನವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಇಬ್ಬರನ್ನೂ ನೋಡಿದಳಂತೆ.

ಆಮೇಲೆ ಅಜ್ಜಿ ಸೆರಗಿನಿಂದ ಮೂಗೊರೆಸಿಕೊಂಡು, "ಮುಂದಿಂದು ಹೇಳವಾ" ಎಂದಳು.

ಯುಗಾದಿಯ ಮರುದಿನ ಬಂತು. ಪರೀಕ್ಷೆಯ ದಿನ ನಮ್ಮಲ್ಲಿ ಮೌನದ ಕಟ್ಟಳೆ. ಒರಳು ಕುಟ್ಟುವಂತಿಲ್ಲ, ಕೊಡ ಇಳಿಸುವಂತಿಲ್ಲ. ಆಕಳ ಕೊರಳ ಗಂಟೆಗೂ ನಾನು ಬಟ್ಟೆ ಸುತ್ತಿದ್ದೆ. ಇರುವೆ ನಡೆದರೆ ಹೆಜ್ಜೆ ಸಪ್ಪಳ ಕೇಳುತ್ತಿತ್ತು. ನಾನು ಎಣಿಸಿದ್ದೇನೆ, ಒಂದು ಇರುವೆಗೆ ಒಂದು ಕಾಲು ಕುಂಟಾಗಿತ್ತು.

ಶಂಭುಲಿಂಗ ನಿಂತು ಗಂಟಲು ಸರಿಮಾಡಿಕೊಂಡು ಎಣ್ಣೆ ಸುರಿದಂತೆ ಒಪ್ಪಿಸಿದ. ಉಳಿದವರೂ ಒಪ್ಪಿಸಿದರು. ನನ್ನನ್ನು ಕರೆಯಲಿಲ್ಲ. ನನ್ನ ಮರ್ಯಾದೆ ಕಾಯುವುದು ಗುರುಗಳಿಗೆ ಗೊತ್ತಿತ್ತು.

ಕೊನೆಗೆ ಹೊನ್ನವ್ವ.

ನಿಂತಳು. ಬಾಯಿ ತೆರೆದಳು. ಏನೂ ಬರಲಿಲ್ಲ.

ಹೊಳೆ ಹರಿಯುತ್ತಿತ್ತು. ಶಂಭುಲಿಂಗ ಆಕಾಶ ನೋಡಿದ. ನಾನು ಆಕಳ ಕಡೆ ನೋಡಿದೆ. ಹೊನ್ನವ್ವನ ಮುಖ ಬಿಳಿಚಿತು. ಗುರುಗಳು ಕಾದರು. ಮತ್ತೂ ಕಾದರು.

"ಬರವಲ್ದೇನು?"

"ಬರತೈತ್ರಿ" ಎಂದಳು. "ಭಾಳ ಸುಮ್ಮನ ಐತ್ರಿ ಗುರುಗಳ. ಇಷ್ಟು ಸುಮ್ಮನಿದ್ರ ನನಗ ಪದ್ಯ ನೆನಪಾಗಂಗಿಲ್ಲ. ಉಸಿರು ಐತೋ ಇಲ್ಲೋ ಅಂತ ನೋಡೂದ ನೆನಪಾಗತೈತಿ."

ಗುರುಗಳು ಕತ್ತೆತ್ತಿ ಕೊಟ್ಟಿಗೆಯ ಕಡೆ ತಿರುಗಿದರು.

"ಏ ಹಿರಿಯ ಶಿಷ್ಯಾ. ಈಕಿಗೊಂದು ಜಗಳ ಬೇಕಾಗೇತಿ."

ನನ್ನ ಇಡೀ ಬದುಕು ಈ ಒಂದು ಕರೆಗಾಗಿ ಕಾದಿತ್ತು. ಎದ್ದೆ. ಸೀದಾ ಶಂಭುಲಿಂಗನ ಎದುರು ಹೋಗಿ ನಿಂತು, ನೀನು ಈ ಆಶ್ರಮಕ್ಕೆ ಬಂದಂದಿನಿಂದ ಒಂದು ದಿನವಾದರೂ ಸಗಣಿ ಬಳಿದಿದ್ದೀಯಾ ಎಂದು ಕೇಳಿದೆ.

ಮೊದಲು ಅವನು ಮೌನದ ಕಟ್ಟಳೆ ಎಂದು ಬೆರಳು ತುಟಿಗಿಟ್ಟ. ನಾನು ಅವನ ಬೆರಳನ್ನೂ ಬೈದೆ. ಸಗಣಿ ಬಳಿಯುವುದು ಕೊನೆಯ ಸಾಲಿನವರ ಕೆಲಸ ಎಂದ. ಹಾಲು ಕುಡಿಯುವುದು ಯಾವ ಸಾಲಿನವರ ಕೆಲಸ ಎಂದೆ. ಅಷ್ಟಕ್ಕೆ ನಡುವಿನ ಸಾಲಿನವರೂ ಎದ್ದರು. ಅವರಿಗೂ ಹಾಲಿನ ವಿಷಯದಲ್ಲಿ ಹಳೆಯ ನೋವಿತ್ತು. ಒಬ್ಬ ಕೊಡ ಕೆಡವಿದ. ಇನ್ನೊಬ್ಬ ಒರಳು ಕುಟ್ಟತೊಡಗಿದ, ಯಾಕೆಂದು ಅವನಿಗೇ ಗೊತ್ತಿರಲಿಲ್ಲ. ಆಕಳು ಬಟ್ಟೆ ಕಿತ್ತುಕೊಂಡು ಗಂಟೆ ಬಾರಿಸಿತು. ಹೊಳೆಯ ಕೊಕ್ಕರೆಗಳೆಲ್ಲ ಎದ್ದು ಹೋಗಿ ಪಕ್ಕದ ಜಿಲ್ಲೆಯಲ್ಲಿ ಇಳಿದವು.

ಆ ಗದ್ದಲದ ನಟ್ಟನಡುವೆ ಹೊನ್ನವ್ವನ ಭುಜ ಇಳಿಯಿತು. ಮುಖಕ್ಕೆ ಕಳೆ ಬಂತು. ಮನೆಗೆ ಬಂದವಳಂತೆ ಸೆರಗು ಸಿಕ್ಕಿಸಿಕೊಂಡು ಪದ್ಯ ಎತ್ತಿದಳು.

ಒಂದಾದ ಮೇಲೊಂದು. ಉಪವಾಸದ್ದು, ಕಷಾಯದ್ದು, ಚಳಿಯದ್ದು, ಗಂಜಿಯದ್ದು. ನಾನು ಕೂಗಿದಷ್ಟೂ ಅವಳ ದನಿ ನೆಟ್ಟಗಾಯಿತು. ಗುರುಗಳು ನಡುವೆ ಬಾಯಿ ಹಾಕಿ, ದಿನ ಬಿಟ್ಟು ದಿನ ಬರುವ ಜ್ವರಕ್ಕೆ ಏನು ಎಂದು ಕೇಳಿದರು. ಹೇಳಿದಳು. ಗಂಜಿಗೆ ಮೆಣಸು ಹಾಕಬೇಕೋ ಬೇಡವೋ ಎಂದು ಕೇಳಿದರು. ಯಾವಾಗ ಹಾಕಬೇಕು, ಯಾವಾಗ ಬಾರದು, ಎರಡೂ ಹೇಳಿದಳು. ಇಳಿಯದ ಜ್ವರದ ಪದ್ಯಕ್ಕೆ ಬಂದಾಗ ಕಣ್ಣು ಒಮ್ಮೆ ಹೊಳೆಯಾಚೆಗೆ ಹೋಯಿತು. ಆದರೆ ನಿಲ್ಲಲಿಲ್ಲ. ಕೊನೆಯ ಅಕ್ಷರ ಮುಗಿಸಿಯೇ ಕೈಮುಗಿದಳು.

ಗುರುಗಳು ಕೈಯೆತ್ತಿದರು. ಜಗಳ ನಿಂತಿತು. ನನ್ನದು ಸ್ವಲ್ಪ ತಡವಾಗಿ ನಿಂತಿತು, ದೊಡ್ಡ ಗಾಡಿಗೆ ಅಷ್ಟು ದೂರ ಬೇಕಾಗುತ್ತದೆ.

ಶಂಭುಲಿಂಗ ಏದುಸಿರು ಬಿಡುತ್ತ ಮುಂದೆ ಬಂದ. ಅವನ ಶಲ್ಯ ನನ್ನ ಕೈಯಲ್ಲಿತ್ತು.

"ಇದು ನ್ಯಾಯ ಅಲ್ರಿ ಗುರುಗಳ. ನಾವೆಲ್ಲ ಶಾಂತದಾಗ ಒಪ್ಪಿಸಿದ್ವಿ. ಗದ್ದಲ ಇದ್ರ ಮಾತ್ರ ಪದ್ಯ ನೆನಪಾಗೂ ವೈದ್ಯೆ ಯಾತಕ್ಕ ಬರತಾಳ್ರಿ?"

ಗುರುಗಳು ನನ್ನನ್ನು ಹತ್ತಿರ ಕರೆದರು. ಜಗಳದ ಕಾವಿಗೆ ಇನ್ನೂ ಕುಣಿಯುತ್ತಿದ್ದ ನನ್ನ ಮಣಿಕಟ್ಟನ್ನು ಹಿಡಿದು, ಹೊನ್ನವ್ವನ ಬೆರಳುಗಳನ್ನು ನಾಡಿಯ ಮೇಲೆ ಇಟ್ಟರು. ಅವಳು ಕಣ್ಣು ಮುಚ್ಚಿದಳು.

ಆಮೇಲೆ ಗುರುಗಳು ಶಂಭುಲಿಂಗನ ಕಡೆ ತಿರುಗಿದರು.

"ಒಳಗ ರೋಗಿ ಮಲಗಿರೂವಾಗ ಸುಮ್ಮನಿದ್ದ ಮನಿ ಯಾವುದಾರ ನೋಡಿಯೇನಪಾ?"