ಎಲೆಯಡಿಕೆ ಉಗುಳುವಷ್ಟರಲ್ಲಿ

"ಎಂಥ ಪಾಂಡಿತ್ಯವಾದರೂ ಸರಿ, ನಾನೊಂದು ಎಲೆಯಡಿಕೆ ಜಗಿದು ಉಗುಳುವಷ್ಟರಲ್ಲಿ ನನಗೆ ಅರ್ಥವಾಗುವಂತೆ ಹೇಳಬೇಕು. ಆಗದವರು ಲಾಯಕ್ಕೆ ಹೋಗಿ ಕುದುರೆಗೆ ಹುಲ್ಲು ಹಾಕಲಿ!"

ಹೊಳೆಗುಂದದ ರಾಜ ಮಾರನಾಯಕ ತುಂಬಿದ ಸಭೆಯಲ್ಲಿ ಹೀಗೆ ಅಪ್ಪಣೆ ಮಾಡಿಯೇಬಿಟ್ಟ. ವ್ಯಾಕರಣದವರು, ಜ್ಯೋತಿಷದವರು ಆಗಲೇ ಲಾಯ ಸೇರಿದ್ದರು. ಪಾಪ, ಮಂಗಳಶ್ಲೋಕ ಮುಗಿಯುವ ಮೊದಲೇ ರಾಜ ಪೀಕದಾನಿಗೆ ಉಗುಳಿದ್ದ.

ನಾಳೆ ಅಳಸಿಂಗ ಶಾಸ್ತ್ರಿಗಳ ಸರದಿ. ಅರ್ಧ ಆಯಸ್ಸು ಗೆದ್ದಲಿನ ಹಿಂದೆಯೇ ಕಳೆದವರು, ಹುತ್ತ ಕಂಡರೆ ಊಟ ಮರೆಯುವವರು. ಹೆದರಿಕೆಗೆ ಇವತ್ತು ಅನ್ನವೇ ಇಳಿಯದೆ, ಆಸ್ಥಾನದ ಜಾಣ ಕೇತಪ್ಪನ ಜಗಲಿಗೆ ಬಂದು ಕುಸಿದರು.

"ಹುಲ್ಲು ಹೊರೋ ವಯಸ್ಸೇನಪ್ಪ ನನ್ನದು?"

"ಮೊದಲು ನನಗೆ ಹೇಳಿ ನೋಡೋಣ," ಎಂದು ಕೇತಪ್ಪ ಎಲೆಗೆ ಸುಣ್ಣ ಹಚ್ಚಿದ.

ಶಾಸ್ತ್ರಿಗಳು ಓಲೆಗರಿಯ ಕಟ್ಟು ಬಿಚ್ಚಿದರು. ಗುರುವಂದನೆ ಆಯಿತು. ಗೆದ್ದಲಿನ ಬಗ್ಗೆ ಹಿಂದಿನವರು ಹೇಳಿದ್ದು, ಅವರಿಗೂ ಹಿಂದಿನವರು ಹೇಳಿದ್ದು, ಅದೆಲ್ಲ ತಪ್ಪೆಂದು ಇನ್ಯಾರೋ ಹೇಳಿದ್ದೂ ಆಯಿತು. ಕೇತಪ್ಪ ಎದ್ದು ಹೋಗಿ ಉಗುಳಿ ಬಂದ. ಇನ್ನೊಂದು ಎಲೆ ಹಾಕಿದ.

"ಸ್ವಾಮಿ, ಗೆದ್ದಲು ಯಾವಾಗ ಬರುತ್ತೆ?"

"ತಾಳಯ್ಯ, ಅದು ಕೊನೇ ಓಲೆಯಲ್ಲಿ. ಮರದ ಮೇಲಿನ ಹೊಳಪು ಹಾಗೇ ಇರುತ್ತೆ, ಒಳಗೆಲ್ಲ ಟೊಳ್ಳು. ಉದಾಹರಣೆಗೆ, ನಮ್ಮ ರಾಜರ ಸಿಂಹಾಸನದ ಎಡಗಾಲು."

ಕೇತಪ್ಪನಿಗೆ ಅಡಿಕೆ ನೆತ್ತಿಗೇರಿತು. "ಅಯ್ಯೋ ಪುಣ್ಯಾತ್ಮ! ಇದನ್ನ ಮೊದಲೇ ಹೇಳಬಾರದಾ?"

"ಛೆ ಛೆ, ಶಾಸ್ತ್ರಕ್ಕೆ ಒಂದು ಕ್ರಮ ಬೇಡವೇ?"

"ನಾಳೆ ಕ್ರಮವನ್ನ ಮನೇಲಿಟ್ಟು, ಕೊನೇ ಓಲೆ ಒಂದನ್ನೇ ತನ್ನಿ."

ಮರುದಿನ ಕೇತಪ್ಪ ಮೊದಲೇ ಕೈಮುಗಿದು ಕೇಳಿದ. "ಪ್ರಭು, ತಾವು ಉಗುಳೋ ತನಕ ಶಾಸ್ತ್ರಿಗಳು ಮಾತಾಡಬಹುದು, ಅಲ್ಲವೇ?"

"ಹೌದು. ಆಡಿದ ಮಾತಿಗೆ ತಪ್ಪೋನಲ್ಲ ನಾನು," ಎಂದು ರಾಜ ವೀಳ್ಯವನ್ನು ದವಡೆಗೆ ಒತ್ತಿದ.

ಶಾಸ್ತ್ರಿಗಳ ನಾಲಗೆ ತುದಿಗೆ ಶ್ಲೋಕ ಬಂದೇಬಿಟ್ಟಿತ್ತು. ಕೇತಪ್ಪ ಕಣ್ಣಲ್ಲೇ ಗದರಿದ. ಕಷ್ಟಪಟ್ಟು ಅದನ್ನು ನುಂಗಿಕೊಂಡು ಅವರು ಹೇಳಿದರು, "ಪ್ರಭು, ತಾವು ಕೂತಿರೋ ಸಿಂಹಾಸನವನ್ನ ಗೆದ್ದಲು ತಿನ್ನುತ್ತಾ ಇದೆ."

ರಾಜನ ದವಡೆ ಅಲ್ಲೇ ನಿಂತಿತು.

ಶಾಸ್ತ್ರಿಗಳು ಮಂಡಿಯೂರಿ ಸಿಂಹಾಸನದ ಬಲಗಾಲು ತಟ್ಟಿದರು, ಟಕ್ ಟಕ್. ಎಡಗಾಲು ತಟ್ಟಿದರು, ಡೊಬ್ ಡೊಬ್. ಒತ್ತಿದರೆ ಬೆರಳೇ ಒಳಗೆ ಹೋಯಿತು! ಬಿಳೀ ಹುಳುಗಳು ಉದುರಿದವು. "ಇವಕ್ಕೆ ಬೆಳಕು ಆಗದು, ಅದಕ್ಕೇ ಮೇಲಿನ ಬಣ್ಣ ಬಿಟ್ಟು ಒಳಗೇ ತಿನ್ನುತ್ತವೆ. ನೆಲದ ತೇವದಿಂದ ಹತ್ತುತ್ತವೆ. ಕಾಲಿನ ಕೆಳಗೆ ಕಲ್ಲಿಡಿಸಿ, ಆಗ ಕಲ್ಲಿನ ಮೇಲೆ ಮಣ್ಣಿನ ಗೆರೆ ಕಟ್ಟಿಕೊಂಡು ಹತ್ತುವಾಗಲೇ ಕಣ್ಣಿಗೆ ಬೀಳುತ್ತವೆ."

"ಹೊತ್ತಾಯಿತು!" ಎಂದು ಮಂತ್ರಿ ಎದ್ದ. ಎಲ್ಲರೂ ಪೀಕದಾನಿ ನೋಡಿದರು. ಅದು ಒಣಗಿಕೊಂಡೇ ಇತ್ತು.

ರಾಜ ಗಂಟಲು ಹಿಡಿದುಕೊಂಡ. "ನುಂಗಿಬಿಟ್ಟೆ ಕಣೋ, ಕೇತಪ್ಪ!"

"ಹಾಗಾದರೆ ಇನ್ನು ಉಗುಳೋದೆಲ್ಲಿ ಬಂತು, ಪ್ರಭು? ಶಾಸ್ತ್ರಿಗಳು ಎಷ್ಟು ಹೊತ್ತಾದರೂ ಮಾತಾಡಬಹುದು."

ರಾಜ ಬಿದ್ದು ಬಿದ್ದು ನಕ್ಕ. "ಲಾಯದಲ್ಲಿರೋ ಪಂಡಿತರನ್ನೂ ಕರೆಸಿ! ಶಾಸ್ತ್ರಿಗಳೇ, ಮೊದಲನೇ ಓಲೆಯಿಂದಲೇ ಹೇಳಿ, ಕೇಳುತ್ತೇನೆ."

ಶಾಸ್ತ್ರಿಗಳ ಮುಖ ಅರಳಿತು. ಕಣ್ಣು ಮುಚ್ಚಿ ರಾಗವಾಗಿ ಗುರುವಂದನೆ ಶುರುಮಾಡಿಯೇಬಿಟ್ಟರು.

ಕೇತಪ್ಪ ಓಡಿಬಂದು ರಾಜನ ಕೈ ಹಿಡಿದ. "ಪ್ರಭು, ತಾವು ಮೊದಲು ಕೆಳಗಿಳೀರಿ! ಶಾಸ್ತ್ರಿಗಳು ಗೆದ್ದಲಿನ ವಿಷಯಕ್ಕೆ ಬರೋವಾಗ ಸಂಜೆಯಾಗುತ್ತೆ. ಗೆದ್ದಲು ಅಲ್ಲೀವರೆಗೂ ಕಾಯೋದಿಲ್ಲ!"